ಸೋಮವಾರದ ಬೆಟ್ಟಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕು ತಾಲ್ಲೂಕುಗಳ ಸಣ್ಣ ಸಣ್ಣ ಸಭೆಗಳ ನಡುವೆ ಓಡಾಡುತ್ತ ಸಭಾಪಾಲಕನ ಕೆಲಸ ಮಾಡುವವನು ನಾನು. ಬಸ್ಸಿನ ಯಾವ ಕಿಟಕಿಯಲ್ಲಿ ಕೂತರೂ ಒಂದು ಬಂಡೆಗುಡ್ಡ ಕಣ್ಣಿಗೆ ಬೀಳುವ ಸೀಮೆ ಇದು. ನೋಡುತ್ತ ನೋಡುತ್ತ ಹತ್ತಬೇಕೆನಿಸಿತು, ಹತ್ತುವುದು ಅಭ್ಯಾಸವಾಯಿತು. ಈಗ ಕಿರಿಯ ಸಭಾಪಾಲಕರೂ ಯೌವನಸ್ಥರ ಕೂಟದ ಹುಡುಗರೂ ಜೊತೆಗೆ ಬರುತ್ತಾರೆ. ಹೊರಡುವ ಮುಂಚೆ ಏನೇನು ತಿಳಿದಿರಬೇಕು ಎಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಿ. ಮೂರನೆಯದನ್ನು ಮಾತ್ರ ಬಿಡಬೇಡಿ.

1. ಸೋಮವಾರವನ್ನು ಬಾಯಿ ಬಿಟ್ಟು ಕೇಳಿ

ಭಾನುವಾರ ಎಲ್ಲರಿಗೂ ವಿಶ್ರಾಂತಿ, ಸಭಾಪಾಲಕನಿಗಲ್ಲ. ಬೆಳಿಗ್ಗೆ ಒಂದೂರಲ್ಲಿ ಆರಾಧನೆ, ಮಧ್ಯಾಹ್ನ ಇನ್ನೊಂದೂರಲ್ಲಿ, ಸಂಜೆ ಯಾರದೋ ಮನೆಯಲ್ಲಿ ಪ್ರಾರ್ಥನೆ ಕೂಟ. ಊಟ ಬೇಡವೆಂದರೆ ಮನೆಯವರಿಗೆ ನೋವು, ಕರೆದ ಕಡೆಯೆಲ್ಲ ಊಟ ಮಾಡಿದರೆ ಸಂಜೆಯ ಪ್ರಸಂಗಕ್ಕೆ ಕುತ್ತು. ರಾತ್ರಿ ಮನೆಗೆ ಬಂದಾಗ ಹೆಂಡತಿ ಮಕ್ಕಳ ಜೊತೆ ಎರಡು ಮಾತಾಡುವಷ್ಟೂ ಗಂಟಲು ಉಳಿದಿರುವುದಿಲ್ಲ.

ಆದ್ದರಿಂದ ಸೋಮವಾರ ನನ್ನದು ಎಂದು ಸಭೆಯ ಹಿರಿಯರಿಗೆ ನೇರವಾಗಿ ಹೇಳಿ. ಅವರಾಗಿ ಕೊಡಲಿ ಎಂದು ಕಾಯುತ್ತ ಕೂತರೆ ನಿವೃತ್ತಿಯವರೆಗೂ ಕಾಯುತ್ತೀರಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ ಬುದ್ಧಿಮಾತು ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿದೆ. ಅದನ್ನು ನಾವು ಪ್ರಸಂಗದಲ್ಲಿ ಬೇರೆಯವರಿಗೆ ಹೇಳುತ್ತೇವೆ. ಸಾಯುತ್ತೇನೆ ಎಂದು ಕೂತ ಎಲೀಯನಿಗೆ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. ಹೋರೇಬ್ ಬೆಟ್ಟದ ಪ್ರಯಾಣ ಶುರುವಾದದ್ದು ಅದಾದ ಮೇಲೆ.

"ಅಯ್ಯನವರೇ, ಬೆಟ್ಟದ ಮೇಲೆ ನಿಮಗೇನು ಕೆಲಸ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಟ್ಟ ಹತ್ತುವ ಪಾದ್ರಿ ಹೊಸ ಜಾತಿಯೇನಲ್ಲ. 1889ರಲ್ಲಿ ಆಲ್ಪ್ಸ್‌ನ ಮೋಂಟೆ ರೋಸಾವನ್ನು ಅದರ ಕಷ್ಟದ ಪೂರ್ವಮುಖದಿಂದ ಹತ್ತಿದ ಅಕಿಲೆ ರಾಟಿ ಎಂಬ ಪಾದ್ರಿ 1922ರಲ್ಲಿ ಹನ್ನೊಂದನೇ ಪಿಯುಸ್ ಎಂಬ ಹೆಸರಿನಲ್ಲಿ ಪೋಪ್ ಆದರು. ಮರುವರ್ಷ ಮೆಂಥೊನ್‌ನ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. ಜಪಾನಿನಲ್ಲಿ ಸೇವೆಗಿದ್ದ ಇಂಗ್ಲಿಷ್ ಮಿಷನರಿ ವಾಲ್ಟರ್ ವೆಸ್ಟನ್ 1896ರಲ್ಲಿ ಅಲ್ಲಿನ ಪರ್ವತಗಳ ಬಗ್ಗೆ ಪುಸ್ತಕವನ್ನೇ ಬರೆದರು. ಇಷ್ಟೆಲ್ಲ ಹೇಳಿದರೂ ನಮ್ಮ ಹಿರಿಯರು ತಲೆಯಾಡಿಸುತ್ತಾರೆ, ಒಪ್ಪುವುದಿಲ್ಲ. ಯೇಸುಸ್ವಾಮಿ ಐದು ಸಾವಿರ ಜನಕ್ಕೆ ಊಟ ಹಾಕಿ, ಜನರನ್ನೂ ಶಿಷ್ಯರನ್ನೂ ಕಳುಹಿಸಿಬಿಟ್ಟು ಒಬ್ಬರೇ ಬೆಟ್ಟಕ್ಕೆ ಹೋದರು ಎಂದು ಮಾರ್ಕನ ಸುವಾರ್ತೆ ತೆರೆದು ತೋರಿಸಿದ ಮೇಲೆ ಸುಮ್ಮನಾಗುತ್ತಾರೆ.

2. ಸಣ್ಣ ಬೆಟ್ಟದಿಂದ ಶುರು ಮಾಡಿ

ನಂದಿ ಬೆಟ್ಟ 1,478 ಮೀಟರ್ ಎಂದು ಕೇಳಿ ಹೊಸಬರು ಹೆದರುತ್ತಾರೆ. ಚಿಕ್ಕಬಳ್ಳಾಪುರ ಪಟ್ಟಣವೇ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಕಾಲಿಗೆ ಬೀಳುವ ಲೆಕ್ಕ ಉಳಿದಿದ್ದು ಮಾತ್ರ. ಹಾಗಂತ ಅದು ಕಡಿಮೆಯೂ ಅಲ್ಲ.

ನಾನು ಹೊಸಬರನ್ನು ಮೊದಲು ಕರೆದೊಯ್ಯುವುದು ಗುಡಿಬಂಡೆಗೆ. ಬೈರೇಗೌಡ ಕಟ್ಟಿದ ಕೋಟೆ, ಮೆಟ್ಟಿಲ ದಾರಿ, ಮೇಲೆ ನಿಂತರೆ ಅಮಾನಿ ಬೈರಸಾಗರ ಕೆರೆ ಪೂರ್ತಿ ಕಾಣುತ್ತದೆ. ವಯಸ್ಸಾದವರೂ ನಿಧಾನಕ್ಕೆ ಹತ್ತಬಹುದು. ಆಮೇಲೆ ಚಿಂತಾಮಣಿ ಕಡೆಯ ಕೈವಾರ, ಅಂಬಾಜಿದುರ್ಗ. ಅಂಬಾಜಿದುರ್ಗಕ್ಕೆ ಎದುರಾಗಿ ರೆಹಮಾನ್‌ಗಡದ ಬಂಡೆ ನಿಂತಿದೆ. ನೋಡುವುದಕ್ಕೆ ಎಷ್ಟು ಚೆಂದವೋ ಕಾಲಿಗೆ ಅಷ್ಟೇ ಮೋಸದ್ದು, ಊರಿನವರ ಜೊತೆಯಿಲ್ಲದೆ ಹೋಗುವ ಜಾಗವಲ್ಲ. ಮೂರನೆಯದು ಸುಲ್ತಾನ್‌ಪೇಟೆ ಕಡೆಯಿಂದ ನಂದಿಗೆ ಹೋಗುವ ಹಳೆಯ ಮೆಟ್ಟಿಲುಗಳು. ಸಾವಿರಕ್ಕೂ ಹೆಚ್ಚಿವೆ. ಕಾರಿನಲ್ಲಿ ಹೋಗಿ ಬಂದವರಿಗೆ ನಂದಿ ಗೊತ್ತು ಅಂತ ನಾನು ಒಪ್ಪುವುದಿಲ್ಲ. ಆ ಮೆಟ್ಟಿಲುಗಳ ಮೇಲೆ ಒಮ್ಮೆ ಮೊಣಕಾಲು ನಡುಗಬೇಕು.

ಕಳವಾರದ ಸ್ಕಂದಗಿರಿ ನಾಲ್ಕನೆಯದು. ಮುಂಚೆ ಬೆಂಗಳೂರಿನ ಹುಡುಗರು ನಡುರಾತ್ರಿ ಟಾರ್ಚ್ ಹಿಡಿದು ಹತ್ತುತ್ತಿದ್ದ ಬೆಟ್ಟ ಇದು. ಈಗ ಆನ್‌ಲೈನಿನಲ್ಲಿ ಮುಂಚಿತವಾಗಿ ಅನುಮತಿ ಚೀಟಿ ತೆಗೆಯಬೇಕು. ಗೌರಿಬಿದನೂರಿನ ಹುಡುಗರಿಗೆ ಮಾಕಳಿದುರ್ಗದ ಮೇಲೆ ಮೋಹ, ಏಕೆಂದರೆ ಅವರ ರೈಲು ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಹತ್ತಿರದ ದಾರಿ ಎಂದು ಹಳಿಯ ಮೇಲೆ ನಡೆದು ಬೆಟ್ಟದ ಬುಡ ಸೇರುವ ಚಾಳಿಯೂ ಇದೆ. ನನ್ನ ಜೊತೆ ಬರುವವರು ಹಳಿಯ ಮೇಲೆ ಕಾಲಿಟ್ಟರೆ ಅಲ್ಲಿಂದಲೇ ವಾಪಸ್ ಕಳುಹಿಸುತ್ತೇನೆ.

ಯಾವ ಬೆಟ್ಟವಾದರೂ ದಾರಿ ಕೇಳಬೇಕಾದ್ದು ಕುರಿ ಮೇಕೆ ಕಾಯುವವರನ್ನು. ಫೋನಿನ ನಕ್ಷೆ ತೋರಿಸುವ ಗೆರೆ ಹೋದ ವರ್ಷದ ಮಳೆಯಲ್ಲಿ ಕೊಚ್ಚಿಹೋಗಿರಬಹುದು. ಕುರಿ ಕಾಯುವವನ ದಾರಿ ಇವತ್ತು ಬೆಳಿಗ್ಗೆ ಅವನು ನಡೆದದ್ದು.

3. ಬೆಟ್ಟಕ್ಕೆ ನಮಗಿಂತ ಮುಂಚಿನವರಿದ್ದಾರೆ

ನಂದಿಯ ಬುಡದಲ್ಲಿ ಭೋಗನಂದೀಶ್ವರ, ತುದಿಯಲ್ಲಿ ಯೋಗನಂದೀಶ್ವರ. ಸ್ಕಂದಗಿರಿಯ ಬುಡದಲ್ಲಿ ಪಾಪಾಗ್ನಿ ಮಠ, ತುದಿಯಲ್ಲಿ ಪಾಳುಬಿದ್ದ ಗುಡಿ. ಕೈವಾರವೆಂದರೆ ಈ ಸೀಮೆಯವರಿಗೆ ಸಂತಕವಿ ತಾತಯ್ಯ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಅಲ್ಲಿನವರ ನಂಬಿಕೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ಮುಸ್ಲಿಮರಷ್ಟೇ ಹಿಂದೂಗಳೂ ಹೋಗುತ್ತಾರೆ. ನಮ್ಮ ಸೀಮೆಯಲ್ಲಿ ಯಾರದೂ ಅಲ್ಲದ ಬೆಟ್ಟವೆಂಬುದಿಲ್ಲ.

ಕ್ರೈಸ್ತರು ಇಲ್ಲಿ ಬೆಟ್ಟ ಹತ್ತುವಾಗ ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಗುಡಿಯ ಅಂಗಳದಲ್ಲಿ ಚಪ್ಪಲಿ ಬಿಡಿ. ಅರ್ಚಕರು ಸಿಕ್ಕರೆ ನಮಸ್ಕಾರ ಹೇಳಿ, ಎಲ್ಲಿಂದ ಬಂದಿದ್ದೀರಿ ಎಂದರೆ ನಿಜ ಹೇಳಿ. ಗುಡಿಯ ಪಕ್ಕ ಕೂತು ಮೈಕಿನ ಗಂಟಲಲ್ಲಿ ಹಾಡಬೇಡಿ. ಕರಪತ್ರ ಚೀಲದಲ್ಲೂ ಇರಬಾರದು. ಬಂಡೆಗಳ ಮೇಲೆ ಸುಣ್ಣದಲ್ಲಿ ವಚನ ಬರೆದು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಲ್ಲುಗಳೇ ಕೂಗುವವು ಎಂದು ಕರ್ತನು ಹೇಳಿದ್ದು ಕಲ್ಲಿಗೆ ಬಣ್ಣ ಬಳಿಯಿರಿ ಎಂಬ ಅರ್ಥದಲ್ಲಲ್ಲ.

ಇನ್ನೂ ಕಷ್ಟದ ಮಾತು ಬೆಟ್ಟದ ಮೇಲಿನ ಶಿಲುಬೆಯದು. 2020ರ ಮಾರ್ಚಿನಲ್ಲಿ ಪಕ್ಕದ ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿ ಬೆಟ್ಟದಿಂದ ಯೇಸುವಿನ ಪ್ರತಿಮೆಯನ್ನು ತೆಗೆಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮದೇ ಚಿಕ್ಕಬಳ್ಳಾಪುರದ ಸೂಸೈಪಾಳ್ಯದ ಬೆಟ್ಟದ ಮೇಲಿದ್ದ ಶಿಲುಬೆಯನ್ನು ಆಡಳಿತ ತೆರವುಗೊಳಿಸಿತು. ಜಾಗ ಸರ್ಕಾರದ ಗೋಮಾಳ ಎಂಬುದು ಅಧಿಕಾರಿಗಳ ನಿಲುವು. ದಶಕಗಳಿಂದ ಇಲ್ಲಿ ಪ್ರಾರ್ಥಿಸುತ್ತ ಬಂದಿದ್ದೇವೆ ಎಂಬುದು ಕಥೋಲಿಕ ಸಹೋದರರ ಮಾತು. ಅವರ ನೋವನ್ನು ನಾನು ಹಗುರ ಮಾಡುವುದಿಲ್ಲ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿ ಹಿಡಿದು ಬೆಟ್ಟ ಹತ್ತುವ ಹೆಂಗಸರ ಭಕ್ತಿ ಎಂಥದ್ದೆಂದು ನೋಡಿದವರಿಗೆ ಗೊತ್ತು. ಅದೇ ರೀತಿ ಕಟ್ಟಿದ ಎಷ್ಟೋ ಇತರ ರಚನೆಗಳು ಬೆಟ್ಟಗಳ ಮೇಲೆ ಹಾಗೆಯೇ ಇವೆ ಎಂಬ ಅವರ ದೂರಿನಲ್ಲೂ ಹುರುಳಿದೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಪ್ರಾರ್ಥನೆಗೆ ಪಹಣಿ ಬೇಡ, ಕಾಂಕ್ರೀಟಿಗೆ ಬೇಕು. ಏನನ್ನಾದರೂ ಕಟ್ಟುವ ಮನಸ್ಸಿದ್ದರೆ ಮೊದಲು ತಾಲ್ಲೂಕು ಕಚೇರಿಗೆ ಹೋಗಿ ಸರ್ವೆ ನಂಬರು, ಪಹಣಿ ತೆಗೆಸಿ. ಅದರಲ್ಲಿ ಗೋಮಾಳ ಅಥವಾ ಅರಣ್ಯ ಎಂದಿದ್ದರೆ ಅಲ್ಲಿಗೆ ಆ ಆಸೆಯನ್ನು ಬಿಡಿ. ಗೋಮಾಳ ಊರ ದನಗಳದು.

ಬೇರೆ ಧರ್ಮದ ಗೆಳೆಯರೂ ನಮ್ಮ ಜೊತೆ ಬೆಟ್ಟಕ್ಕೆ ಬರುತ್ತಾರೆ, ಬರಬೇಕು. ತುದಿಯಲ್ಲಿ ಐದು ನಿಮಿಷ ಪ್ರಾರ್ಥಿಸುತ್ತೇವೆ, ಬೇಕಾದವರು ಕೂಡಿ, ಬೇಡವಾದವರು ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನಿ ಎಂದು ಕರೆಯುವಾಗಲೇ ಹೇಳುತ್ತೇನೆ. ಅದಕ್ಕಿಂತ ಆಚೆ ಧರ್ಮದ ಮಾತು ಅವರಾಗಿ ಎತ್ತದೆ ನಾನು ಎತ್ತುವುದಿಲ್ಲ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲೆ ಹಲವು ಸಭೆಗಳು ಭಯದಿಂದ ಇಂಥ ಎಚ್ಚರ ಕಲಿತವು. ಆ ಕಾಯ್ದೆಯ ಬಗ್ಗೆ ನನಗೆ ಗೌರವವಿಲ್ಲ. ಆದರೆ ವಿಹಾರಕ್ಕೆಂದು ಕರೆದು ಉಪದೇಶ ಮಾಡುವುದು ಕಾಯ್ದೆ ಇಲ್ಲದಾಗಲೂ ಸಭ್ಯತೆಯಾಗಿರಲಿಲ್ಲ.

4. ಸಭಾಪಾಲಕ ಕೊನೆಯಲ್ಲಿ ನಡೆಯಲಿ

ಮುಂದೆ ದಾರಿ ತೋರಿಸಲು ಬೆಟ್ಟ ಗೊತ್ತಿರುವ ಹುಡುಗನೊಬ್ಬ ಸಾಕು. ನಿಮ್ಮ ಜಾಗ ಗುಂಪಿನ ಬಾಲದಲ್ಲಿ. ಹಿಂದುಳಿಯುವವರೆಲ್ಲ ಮೈಭಾರದಿಂದ ಹಿಂದುಳಿಯುವುದಿಲ್ಲ.

ವೆಸ್ಟ್ರಿಯಲ್ಲಿ ಎದುರುಬದುರು ಕುರ್ಚಿ ಹಾಕಿ ಕೂತು "ಏನಪ್ಪಾ ಸಮಾಚಾರ" ಎಂದರೆ ನಮ್ಮ ಗಂಡಸರು "ಕರ್ತರ ದಯದಿಂದ ಎಲ್ಲ ಚೆನ್ನಾಗಿದೆ" ಎನ್ನುತ್ತಾರೆ. ಬೆಟ್ಟದಲ್ಲಿ ಮುಖ ನೋಡುವ ಅಗತ್ಯವಿಲ್ಲ. ಇಬ್ಬರ ಕಣ್ಣೂ ಮುಂದಿನ ಕಲ್ಲಿನ ಮೇಲಿರುತ್ತದೆ, ಏದುಸಿರು ನಡುನಡುವೆ ಮಾತನ್ನು ತುಂಡರಿಸುತ್ತದೆ, ಮೌನಕ್ಕೆ ನೆಪ ಬೇಕಾಗುವುದಿಲ್ಲ. ರೇಷ್ಮೆ ರೀಲಿಂಗ್ ಘಟಕಕ್ಕೆ ಮಾಡಿದ ಸಾಲ, ಕುಡಿತ ಬಿಡಲಾಗದ ಅಪ್ಪ, ಮದುವೆಯಾದ ಹೊಸದರಲ್ಲೇ ಮಾತು ಬಿಟ್ಟ ಹೆಂಡತಿ, ದೇವರಿದ್ದಾನೆಯೇ ಎಂಬ ಸಂಶಯ. ಇವೆಲ್ಲ ನನಗೆ ಕೇಳಿಬಂದದ್ದು ಇಳಿಜಾರುಗಳಲ್ಲಿ. ಉತ್ತರ ಕೊಡಲು ಅವಸರಪಡಬೇಡಿ. ಮತ್ತೆ ನಾಲ್ಕು ಹೆಜ್ಜೆ ಹಾಕಿ, "ಹೂಂ, ಆಮೇಲೆ?" ಅನ್ನಿ ಸಾಕು. ಬೆಟ್ಟದಲ್ಲಿ ಕೇಳಿದ್ದು ಮುಂದಿನ ಭಾನುವಾರದ ಪ್ರಸಂಗದಲ್ಲಿ ಹೆಸರು ಬದಲಾಯಿಸಿಯೂ ಬರಬಾರದು. ಸಣ್ಣ ಸಭೆ, ಎಲ್ಲರಿಗೂ ಗೊತ್ತಾಗುತ್ತದೆ.

5. ಹುಳು ನಾಲ್ಕನೇ ಜ್ವರದಿಂದ ಎದ್ದ ಮನೆಯವರನ್ನು ಎಲ್ಲಿಗೂ ಕರೆಯಬೇಡಿ

ಶಿಡ್ಲಘಟ್ಟಕ್ಕೆ ಹೊಸದಾಗಿ ಬಂದ ಸಭಾಪಾಲಕರಿಗೆ ನಾನು ಹೇಳುವ ಮೊದಲ ಮಾತಿದು. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ, ಅಂದರೆ ಪೊರೆ ಬಿಡುತ್ತದೆ. ನಾಲ್ಕನೇ ಜ್ವರದ ನಂತರದ ಒಂದು ವಾರದಲ್ಲಿ ಅದು ತಿನ್ನುವ ಸೊಪ್ಪು ಅದರ ಇಡೀ ಆಯುಷ್ಯದ ಆಹಾರದ ಶೇ 80ಕ್ಕೂ ಹೆಚ್ಚು. ಆ ವಾರ ಮನೆಮಂದಿಗೆ ರಾತ್ರಿ ನಿದ್ದೆಯಿಲ್ಲ, ಸೊಪ್ಪು ಕೊಯ್ಯುವುದು, ಹಾಕುವುದು, ಮತ್ತೆ ಕೊಯ್ಯುವುದು. ಹುಳು ಹಣ್ಣಾದರೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಗೂಡು ಮಾರುಕಟ್ಟೆಗೆ ಹೋಗಿ ದುಡ್ಡು ಕೈಗೆ ಬರುವವರೆಗೆ ಆರಾಧನೆಗೆ ಬರಲಿಲ್ಲವೆಂದು ಅವರನ್ನು ಎತ್ತಿಯಾಡುವವನು ಶಿಡ್ಲಘಟ್ಟದಲ್ಲಿ ಸೇವೆ ಮಾಡಲಾರ.

ಅವರ ಮನೆಗೆ ಭೇಟಿಗೆ ಹೋದರೆ ಹುಳುಮನೆಯ ಹೊಸ್ತಿಲು ದಾಟಬೇಡಿ. ಒಳಗೆ ಬನ್ನಿ ಅಯ್ಯನವರೇ ಎಂದು ಅವರು ಮರ್ಯಾದೆಗೆ ಕರೆಯುತ್ತಾರೆ. ನೀವು ಮರ್ಯಾದೆಗೆ ಹೊರಗೇ ನಿಲ್ಲಿ. ಊರೂರು ತಿರುಗುವ ನಿಮ್ಮ ಕಾಲಿನಲ್ಲಿ ಇನ್ನೊಂದು ಮನೆಯ ಹುಳುವಿನ ರೋಗ ಬಂದೀತು. ಅಂಗಳದಲ್ಲೇ ಪ್ರಾರ್ಥಿಸಿ ಹೊರಡಿ.

ಬೆಟ್ಟದ ಕಾರ್ಯಕ್ರಮ ಹಾಕುವಾಗಲೂ ಇದೇ ಲೆಕ್ಕ. ಚಿಕ್ಕಬಳ್ಳಾಪುರದ ದ್ರಾಕ್ಷಿ, ಹೂವು, ಚಿಂತಾಮಣಿಯ ಟೊಮ್ಯಾಟೊ ಒಂದೊಂದಕ್ಕೂ ಅದರದೇ ಪಂಚಾಂಗ. ಹೂವು ಬೆಳೆಯುವವರಿಗೆ ಎಲ್ಲ ಧರ್ಮದ ಹಬ್ಬಗಳೂ ಕೆಲಸದ ದಿನಗಳೇ.

6. ಕರ್ತನನ್ನು ಪರೀಕ್ಷಿಸಬೇಡಿ

ಪ್ರಾರ್ಥನೆ ಮಾಡಿ ಹೊರಟಿದ್ದೇವೆ, ಏನೂ ಆಗುವುದಿಲ್ಲ ಎನ್ನುವ ಹುಡುಗರಿಗೆ ಮತ್ತಾಯನ ನಾಲ್ಕನೇ ಅಧ್ಯಾಯ ಓದಿಸುತ್ತೇನೆ. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಅಲ್ಲಿ ವಚನ ಹೇಳುವವನು ಸೈತಾನ. ಬೇಡವೆನ್ನುವವರು ಯೇಸು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದ ಎಚ್. ನರಸಿಂಹಯ್ಯನವರು ನಮ್ಮ ನಂಬಿಕೆಯನ್ನು ಒಪ್ಪುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಅವರೂ ನಾನೂ ಒಂದೇ ಕಡೆ.

2022ರ ಫೆಬ್ರುವರಿಯಲ್ಲಿ ನಂದಿ ಪಕ್ಕದ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ. ವಾಯುಪಡೆಯ ಹೆಲಿಕಾಪ್ಟರ್ ಬಂದು ಮೇಲೆತ್ತಬೇಕಾಯಿತು. ಅದಕ್ಕೆ ಹಿಂದಿನ ವರ್ಷದ ಆಗಸ್ಟಿನಲ್ಲಿ ಮಳೆಗೆ ಗುಡ್ಡ ಜರಿದು ನಂದಿಯ ರಸ್ತೆಯೇ ಮುಚ್ಚಿತ್ತು. ನಮ್ಮವು ಹಿಮಾಲಯವಲ್ಲ, ನಿಜ. ಆದರೆ ಒದ್ದೆಯಾದ ಗ್ರಾನೈಟು ಎಲ್ಲಿದ್ದರೂ ಗ್ರಾನೈಟೇ.

ಕಟ್ಟೆಚ್ಚರದ ವಿಷಯಗಳು ಇವು. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ಗಿಟಾರು, ತಮಟೆ, ಸೆಂಟು, ಹೊಗೆ ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕೇ ಹೊರತು ಕೈ ಬೀಸುತ್ತ ನಿಲ್ಲಬಾರದು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿರುತ್ತದೆ, ಬೀಡಿಯ ಒಂದು ಕಿಡಿ ಸಾಕು. ಕ್ಯಾಂಪ್‌ಫೈರ್ ಎಂಬ ಮಾತೇ ಬೇಡ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಸಿಡಿಲು ಬಡಿಯುವ ಮಳೆ ಬರುತ್ತದೆ, ಊಟದ ಹೊತ್ತಿಗೆ ಕೆಳಗಿರಿ. ಚಿರತೆ, ಕರಡಿಗಳಿವೆ, ಕತ್ತಲಾದ ಮೇಲೆ ಬೆಟ್ಟ ಅವುಗಳದು. ತಲೆಗೆ ಎರಡು ಲೀಟರ್ ನೀರು. ಉಪವಾಸ ಪ್ರಾರ್ಥನೆಯ ದಿನ ಬೆಟ್ಟ ಬೇಡ. ಎರಡೂ ಒಳ್ಳೆಯವೇ, ಒಟ್ಟಿಗೆ ಒಳ್ಳೆಯವಲ್ಲ.

7. ಹೆಣ್ಣುಮಕ್ಕಳನ್ನು ಬಿಟ್ಟು ಹೋಗಬೇಡಿ, ಸುಮ್ಮನೆ ಕರೆದುಕೊಂಡೂ ಹೋಗಬೇಡಿ

ಯೌವನಸ್ಥರ ಕೂಟದ ಬೆಟ್ಟವೆಂದರೆ ಹುಡುಗರ ಬೆಟ್ಟ ಎಂದಾಗಿಬಿಟ್ಟಿದೆ. ಮನೆಯಲ್ಲಿ ಕೇಳಿದರೆ ಕಳುಹಿಸುತ್ತಾರೆ, ನಾವು ಕೇಳುವುದಿಲ್ಲ. ಸ್ತ್ರೀಯರ ಸೇವೆಯ ಹಿರಿಯಕ್ಕಂದಿರು ಇಬ್ಬರಾದರೂ ಜೊತೆಗಿರಲಿ. ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿರಲಿ, ಹೊರಡುವ ಮತ್ತು ವಾಪಸಾಗುವ ಬಸ್ಸಿನ ಸಮಯ ಅದರಲ್ಲಿರಲಿ. ಎಷ್ಟೋ ಬೆಟ್ಟಗಳಲ್ಲಿ ಶೌಚಾಲಯವಿಲ್ಲ. ಬುಡದಲ್ಲಿ ಎಲ್ಲಿದೆ ಎಂದು ಮುಂಚೆಯೇ ಹೋಗಿ ನೋಡಿಕೊಂಡು ಬನ್ನಿ. ಈ ಮಾತನ್ನು ಸಭಾಪಾಲಕರ ಕೂಟದಲ್ಲಿ ಎತ್ತಿದರೆ ಎಲ್ಲರೂ ನೆಲ ನೋಡುತ್ತಾರೆ. ನಾಚಿಕೆಗೆ ಕಾರಣ ಶೌಚಾಲಯದ ಮಾತಲ್ಲ, ಅದು ನಮಗೆ ಇಷ್ಟು ದಿನ ಹೊಳೆಯದೇ ಇದ್ದದ್ದು.

8. ತುದಿಯಲ್ಲಿ ಪ್ರಸಂಗ ಮಾಡಬೇಡಿ, ಕೆಳಗೆ ನೋಡಿ

ಪರ್ವತ ಪ್ರಸಂಗ ಒಂದೇ ಸಾಕು, ಅದನ್ನು ಮಾಡಬೇಕಾದವರು ಮಾಡಿಯಾಗಿದೆ. ತುದಿಗೆ ಬಂದವರಿಗೆ ಉಸಿರು ಬೇಕು, ನೀರು ಬೇಕು, ಸುಮ್ಮನಿರುವ ಸ್ವಾತಂತ್ರ್ಯ ಬೇಕು. ಕೀರ್ತನೆ 121 ಓದಿ, ಸಣ್ಣದೊಂದು ಪ್ರಾರ್ಥನೆ ಮಾಡಿ ಮುಗಿಸಿ. ಆ ಕೀರ್ತನೆಯಲ್ಲೂ ಸಹಾಯ ಬರುವುದು ಬೆಟ್ಟಗಳಿಂದಲ್ಲ, ಅವನ್ನು ಮಾಡಿದವನಿಂದ ಎಂಬುದನ್ನು ಹುಡುಗರೇ ಕಂಡುಹಿಡಿಯಲಿ.

ಆಮೇಲೆ ಅವರಿಗೆ ಒಂದು ಕೆಲಸ ಕೊಡಿ: ಏನೇನು ಕಾಣುತ್ತದೆ ಹೇಳಿ. ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ಪಾಲಿಹೌಸಿನ ಬಿಳಿ ಚಾವಣಿ ಮೊದಲು ಕಾಣುತ್ತವೆ. ಕೆರೆಗಳು ಕಾಣುತ್ತವೆ. ನಂದಿಯ ಸುತ್ತಮುತ್ತ ಪಾಲಾರ್, ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ನದಿಗಳ ತವರಿನ ಕೆರೆಗಳಿಗೆ ಈಗ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತಂದು ತುಂಬಿಸುತ್ತಿದ್ದಾರೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಬಂದ ನೀರಿನಲ್ಲಿ ಫ್ಲೋರೈಡು. ಮಳೆಗಾಗಿ ನಾವು ಮಾಡುವ ಪ್ರಾರ್ಥನೆಯ ಜೊತೆ ಇದೂ ಗೊತ್ತಿರಬೇಕು.

ಇನ್ನೂ ನೋಡಿದರೆ ಕ್ವಾರಿಗಳು ಕಾಣುತ್ತವೆ. ಬೆಟ್ಟದ ಒಂದು ಮಗ್ಗುಲು ಬ್ರೆಡ್ಡು ಕೊಯ್ದ ಹಾಗೆ ನೇರವಾಗಿ ಹೋಗಿರುತ್ತದೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತದ್ದು ಇದೇ ಕಲ್ಲಿನ ವ್ಯವಹಾರದಲ್ಲಿ. ಬೆಂಗಳೂರಿನ ಮನೆಗಳಿಗೆ ಹೋಗುವ ಜಲ್ಲಿ ಇಲ್ಲಿಯದು, ಅದನ್ನು ಒಡೆಯುವವರು ನಮ್ಮ ಊರುಗಳವರು, ಅವರಲ್ಲಿ ಕೆಲವರು ನಮ್ಮ ಸಭೆಗಳವರು. ಕ್ರಷರಿನಲ್ಲಿ ದುಡಿಯುವವನ ಕೆಮ್ಮು ಎರಡು ವಾರಕ್ಕಿಂತ ಹೆಚ್ಚಾದರೆ ಎಣ್ಣೆ ಹಚ್ಚಿ ಪ್ರಾರ್ಥಿಸಿ, ಜೊತೆಗೆ ಎದೆಯ ಎಕ್ಸ್‌ರೇ ತೆಗೆಸಿ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಕ್ಷಯ ಎಂದುಕೊಂಡು ವರ್ಷಗಟ್ಟಲೆ ತಪ್ಪು ಮಾತ್ರೆ ನುಂಗುವವರಿದ್ದಾರೆ. ನಮ್ಮಂಥ ಬೆಟ್ಟಪ್ರಿಯರು ಕ್ವಾರಿಯನ್ನು ಬೈದು ಇಳಿದುಬಿಡುತ್ತೇವೆ. ಸಭಾಪಾಲಕನಿಗೆ ಅಷ್ಟು ಸುಲಭವಿಲ್ಲ. ಕ್ವಾರಿ ಮುಚ್ಚಿದ ವಾರ ಕಾಣಿಕೆ ಪೆಟ್ಟಿಗೆ ಹಗುರವಾಗುವುದೂ, ಯಾರ ಮನೆಯಲ್ಲಿ ಒಲೆ ಉರಿಯಲಿಲ್ಲವೆಂಬುದೂ ಅವನಿಗೆ ಗೊತ್ತಿರುತ್ತದೆ.

9. ತೆಲುಗು ಕಲಿಯಿರಿ

ಬೆಟ್ಟದ ಬುಡದ ಹಳ್ಳಿಗಳಲ್ಲಿ ಅಂಗಡಿಯ ಬೋರ್ಡು ಕನ್ನಡ, ಜಗಳ ತೆಲುಗು. ಕೈವಾರದ ತಾತಯ್ಯ ಎರಡರಲ್ಲೂ ಹಾಡಿದವರು. ಪ್ರಸಂಗ ಕನ್ನಡದಲ್ಲಿ ನಡೆಯಲಿ, ಆದರೆ ಸಾಯುವ ಅಜ್ಜಿಯ ಹಾಸಿಗೆಯ ಪಕ್ಕ ತೆಲುಗಿನ ಒಂದು ಪ್ರಾರ್ಥನೆ ಬರದಿದ್ದರೆ ನೀವು ಅಲ್ಲಿ ನೆಂಟರಷ್ಟೂ ಅಲ್ಲ.

ಈ ಮಾತಿಗೆ ನಮ್ಮೂರಲ್ಲೇ ಹಳೆಯ ಸಾಕ್ಷಿಯಿದೆ. ಜಾನ್ ಕಾಲ್ಮೆಟ್ ಎಂಬ ಫ್ರೆಂಚ್ ಯೇಸುಸಭೆಯ ಪಾದ್ರಿ 1740ರಲ್ಲಿ ತೀರಿಕೊಂಡದ್ದು ಚಿಕ್ಕಬಳ್ಳಾಪುರದಲ್ಲಿ. ಅವರು ಇಲ್ಲಿನ ಭಾಷೆ ಕಲಿತರು, ಸಂಸ್ಕೃತ ಕಲಿತರು, ವೇದಗಳ ಹಸ್ತಪ್ರತಿಗಳನ್ನು ಸಂಪಾದಿಸಿ ಪ್ಯಾರಿಸಿನ ರಾಜಗ್ರಂಥಾಲಯಕ್ಕೆ ಕಳುಹಿಸಿದರು. ಬಂದದ್ದು ಸುವಾರ್ತೆ ಸಾರಲು. ಇವತ್ತು ವಿದ್ವಾಂಸರು ನೆನೆಯುವುದು ವೇದದ ಪ್ರತಿಗಳಿಗಾಗಿ. ಲಂಡನ್ ಮಿಷನ್ನಿನ ಇ.ಪಿ. ರೈಸ್ ಅವರದೂ ಅದೇ ಕಥೆ. ಮಿಷನರಿ ರೈಸ್ ಯಾರಿಗೂ ನೆನಪಿಲ್ಲ, 1915ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದ ರೈಸ್ ನೆನಪಿದ್ದಾರೆ. ಸೇವೆಯಲ್ಲಿ ಯಾವುದು ಉಳಿಯುತ್ತದೆ ಎಂದು ತೀರ್ಮಾನಿಸುವವರು ನಾವಲ್ಲ. ವಾರ್ಷಿಕ ವರದಿಯಲ್ಲಿ ಅಂಕಿ ತುಂಬಿಸಲು ತಿಣುಕುವ ಕಿರಿಯರಿಗೆ ಇದು ಸಮಾಧಾನವೋ ಕಸಿವಿಸಿಯೋ ತಿಳಿಯದು, ನನಗಂತೂ ಸಮಾಧಾನ.

10. ಇಳಿಯುವಾಗ ಫೋನು ಜೀವ ಪಡೆಯುತ್ತದೆ

ಅರ್ಧ ಇಳಿದ ಮೇಲೆ ಸಿಗ್ನಲ್ ಬರುತ್ತದೆ, ಒಂದರ ಹಿಂದೆ ಒಂದು ಸದ್ದು. ಯಾರೋ ಆಸ್ಪತ್ರೆ ಸೇರಿದ್ದಾರೆ, ಯಾರದೋ ಮಣ್ಣು ಸಂಜೆಗೆ, ಯಾರೋ ಯಾರ ಮೇಲೋ ಮುನಿಸಿಕೊಂಡಿದ್ದಾರೆ. ಪೇತ್ರನಿಗೆ ಬೆಟ್ಟದ ಮೇಲೆ ಮೂರು ಗುಡಾರ ಹಾಕಿ ಉಳಿದುಬಿಡುವ ಆಸೆಯಾದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬುಡದಲ್ಲಿ ಕಾಯುತ್ತಿದ್ದದ್ದು ಮೂರ್ಛೆ ಹೋಗಿ ಬೀಳುವ ಹುಡುಗ, ಅವನ ಅಪ್ಪ, ಕೈಲಾಗದೆ ನಿಂತ ಶಿಷ್ಯರು.

ಹೊರಡುವ ಮುಂಚೆ ಇಬ್ಬರು ಹಿರಿಯರಿಗೆ ಎಲ್ಲಿ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಬನ್ನಿ. ತುರ್ತಿಗೆ ಅವರು ಮೊದಲು ಓಡಲಿ. ಎಲ್ಲ ಸಾವಿನ ಮನೆಗೂ ಮೊದಲು ತಲುಪಬೇಕಾದವನು ಸಭಾಪಾಲಕನೇ ಎಂಬ ನಂಬಿಕೆ ಸಭೆಯನ್ನು ಮಗುವಾಗಿಯೇ ಇಡುತ್ತದೆ. ಹಿರಿಯರು ಹೋಗಿ ಹೆಣದ ಪಕ್ಕ ಕೂತು ಹಾಡು ಎತ್ತಿದ ಸಭೆಗಳು ನನ್ನ ಕಣ್ಣೆದುರೇ ಗಟ್ಟಿಯಾಗಿವೆ. ಇಳಿದ ಮೇಲೆ ಮುಖ ತೊಳೆದು, ಬೇರೆ ಅಂಗಿ ಹಾಕಿ ನೇರ ಅಲ್ಲಿಗೆ ಹೋಗಿ. ಚೀಲದಲ್ಲಿ ಒಂದು ಒಣ ಅಂಗಿ ಸದಾ ಇರಲಿ.

11. ಯಾವಾಗ ಬರಬೇಕು

ಮಳೆ ನಿಂತು ಹುಲ್ಲು ಇನ್ನೂ ಹಸಿಯಿರುವ ನವೆಂಬರಿನಿಂದ ಜನವರಿಯವರೆಗಿನ ಕಾಲ ಈ ಬೆಟ್ಟಗಳಿಗೆ ಎಲ್ಲಕ್ಕಿಂತ ಒಳ್ಳೆಯದು. ಡಿಸೆಂಬರು ನಮ್ಮ ಕೈಯಲ್ಲಿರುವುದಿಲ್ಲ, ಕ್ರಿಸ್‌ಮಸ್ ಗೀತೆ ಹಾಡುತ್ತ ಮನೆಮನೆ ಸುತ್ತುವುದರಲ್ಲೇ ಕಾಲು ಸೋಲುತ್ತದೆ. ಹಾಗಾಗಿ ನನ್ನ ಕರೆ ಜನವರಿಗೆ. ಈ ನಾಲ್ಕು ತಾಲ್ಲೂಕುಗಳ ಸಭಾಪಾಲಕರೇ, ಯಾವ ಪಂಗಡದವರಾದರೂ ಸರಿ, ಹೊಸವರ್ಷದ ಆರಾಧನೆಗಳ ಸುಸ್ತು ಇಳಿದ ಮೇಲಿನ ಒಂದು ಸೋಮವಾರ ಬಿಡುವು ಮಾಡಿಕೊಳ್ಳಿ. ಮೊದಲು ಗುಡಿಬಂಡೆ ಹತ್ತೋಣ. ಒಬ್ಬೊಬ್ಬರೇ ಹತ್ತಬೇಡಿ, ಇಬ್ಬರಾದರೂ ಕೂಡಿ ಬನ್ನಿ, ಹಿರಿಯರಿಗೆ ಹೇಳಿ ಬನ್ನಿ.